ಬೀರಪ್ಪನ ಲ್ಯಾಟಿನ್

ಈಗ ಹೇಳಲಿರುವುದು ನಡೆದೇ ಇತ್ತೆಂದು ನಾನು ಪ್ರಮಾಣ ಮಾಡಲಾರೆ. ಮಸ್ಕಿಯಲ್ಲಿ ನಡೆಯಿತೆಂದು ನನ್ನ ನೆನಪು. ಮಸ್ಕಿಯಲ್ಲಲ್ಲ, ಅಲ್ಲಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿರುವ ಅಜ್ಜಿಯ ಊರಿನಲ್ಲಿ ಎಂದು ನನ್ನ ತಮ್ಮ ಸಾಧಿಸುತ್ತಾನೆ. ಅವನು ಆಗ ಹುಟ್ಟಿರಲೇ ಇಲ್ಲ. ಆದರೂ ನನಗಿಂತ ಖಚಿತವಾಗಿ ಹೇಳುತ್ತಾನೆ. ಹುಟ್ಟದೆ ಇದ್ದವರ ನೆನಪು ಯಾವಾಗಲೂ ಗಟ್ಟಿ. ನನ್ನದು ಹಾಗಲ್ಲ. ನಾನು ಅಲ್ಲಿದ್ದೆ, ಕಣ್ಣಾರೆ ನೋಡಿದೆ, ಆಮೇಲೆ ಹೈದರಾಬಾದಿನ ಹಾಸ್ಟೆಲಿನಲ್ಲಿ ಚಹಾದ ಆಸೆಗೆ ಅದೇ ಕಥೆಯನ್ನು ಕಂಡ ಕಂಡವರಿಗೆ ಹೇಳಿದೆ. ಹೇಳುವಾಗ ಕೇಳುವವರ ಮುಖ ನೋಡಿ ಅಲ್ಲಿಷ್ಟು ಉಪ್ಪು, ಇಲ್ಲಿಷ್ಟು ಖಾರ ಸೇರಿಸಿದೆ. ಈಗ ಬಾಯಿಗಿಟ್ಟುಕೊಂಡರೆ ಯಾವುದು ಕಾಯಿಪಲ್ಯ, ಯಾವುದು ಮಸಾಲೆ ಎಂಬುದೇ ತಿಳಿಯುವುದಿಲ್ಲ.

ಮೊನ್ನೆ ಇದು ಮತ್ತೆ ನೆನಪಾಗಲು ಕಾರಣ ನನ್ನ ಬಲಗೈ. ಗೆಳೆಯನೊಬ್ಬನ ಮಗನ ಮದುವೆಗೆ ಒಂದು ದಿನ ತಡವಾಗಿ ಹೋದೆ. ಹಂದರ ಬಿಚ್ಚುತ್ತಿದ್ದರು. ತಪ್ಪು ತಿಳಿದ ಕೂಡಲೇ ನನ್ನ ಬಲಗೈ ತಾನೇ ಮುಷ್ಟಿ ಕಟ್ಟಿ ಎದೆಗೆ ಮೂರು ಸಲ ಗುದ್ದಿತು. ಬಿದಿರು ಹೊರುತ್ತಿದ್ದ ಆಳು ಗಾಬರಿಯಾಗಿ, "ಯಾಕ್ರೀ, ಎದಿ ನೋಯಾಕತ್ತೈತೇನ್ರಿ?" ಎಂದು ನೀರು ತರಲು ಓಡಿದ. ದೇವರಿದ್ದಾನೆಯೇ ಎಂಬ ವಿಷಯದಲ್ಲಿ ನಾನು ಮೂವತ್ತು ವರ್ಷದಿಂದ ಅನುಮಾನದಲ್ಲಿದ್ದೇನೆ. ನನ್ನ ಕೈಗೆ ಮಾತ್ರ ಆ ಅನುಮಾನ ಇನ್ನೂ ತಲುಪಿಲ್ಲ. ಕೈಗೆ ಪಾಠ ಹೇಳಿದವನು ಇನ್ನಾಸಪ್ಪ ಮಾಸ್ತರ. ತಲೆಗೆ ಪಾಠ ಹೇಳಿದ್ದು ವಿಶ್ವವಿದ್ಯಾಲಯ. ಯಾರ ಪಾಠ ಆಳಕ್ಕೆ ಇಳಿಯಿತು ಎಂಬುದನ್ನು ನೀವೇ ಊಹಿಸಿ.

ನಮ್ಮ ಶಾಲೆ, ಗುಡಿ ಎರಡೂ ಒಂದೇ ಕೋಣೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಮುದಗಲ್ಲಿನಿಂದ ಪಾದ್ರಿ ಕುದುರೆ ಏರಿ ಬಂದ ದಿನ ಅದು ಗುಡಿ. ಬಾರದ ದಿನ ಶಾಲೆ. ಗುಡಿಯಾಗಬೇಕಾದಾಗ ಕರಿಹಲಗೆಯನ್ನು ಗೋಡೆಯ ಕಡೆ ತಿರುಗಿಸಿ, ಮೇಜಿಗೆ ಬಿಳಿ ಬಟ್ಟೆ ಹಾಸುತ್ತಿದ್ದರು. ಒಂದು ಗೋಡೆಗೆ ಹೆಗಲ ಮೇಲೆ ಮರಿ ಹೊತ್ತ ಯೇಸುವಿನ ಪಟ. ಎದುರು ಗೋಡೆಗೆ ನಿಜಾಮರ ಪಟ, ಏಕೆಂದರೆ ಲಿಂಗಸುಗೂರಿನಿಂದ ಯಾವಾಗ ಯಾವ ಸಾಹೇಬ ತಪಾಸಣೆಗೆ ಬಂದಾನೋ ಹೇಳಲಾಗುತ್ತಿರಲಿಲ್ಲ. ಒಬ್ಬರಿಗೆ ಮುಖ ಮಾಡಿದರೆ ಇನ್ನೊಬ್ಬರಿಗೆ ಬೆನ್ನಾಗುತ್ತಿತ್ತು. ಇನ್ನಾಸಪ್ಪ ಮಾಸ್ತರ ಇದಕ್ಕೊಂದು ಉಪಾಯ ಕಂಡುಹಿಡಿದು ನಮ್ಮನ್ನು ಅಡ್ಡಡ್ಡವಾಗಿ ಕೂಡಿಸಿದ್ದ. ನಾನು ಅಕ್ಷರ ಕಲಿತದ್ದು ಕಿಟಕಿಯಾಚೆಯ ಎಮ್ಮೆಯನ್ನು ನೋಡುತ್ತ.

ಈ ಇನ್ನಾಸಪ್ಪ ನಮಗೆ ಮಾಸ್ತರ, ಊರಿನ ಕ್ರಿಸ್ತರಿಗೆಲ್ಲ ಉಪದೇಶಿ. ಪಾದ್ರಿ ಇಲ್ಲದಾಗ ಜಪ ಹೇಳಿಸುವವನು, ಇದ್ದಾಗ ಅವರ ಹಿಂದೆ ನಿಂತು ಕೆಮ್ಮುವವನು. ಬಿಸಿಲಿಗೂ ಬಿಚ್ಚದ ಒಂದು ಕರಿ ಕೋಟು, ಕೈಯಲ್ಲೊಂದು ಹುಣಸೆ ಬರಲು, ನಮ್ಮನ್ನು ಬಡಿಯುವ ಬೆತ್ತ. ಅವನಿಗೆ ಲ್ಯಾಟಿನ್ ಬರುತ್ತದೆ ಎಂಬ ಖ್ಯಾತಿಯಿತ್ತು. ಆ ಲ್ಯಾಟಿನ್ ಅವನಿಗೆ ಬಂದದ್ದು ಸೋದರಮಾವನಿಂದ. ಆ ಮಾವ ಮುದಗಲ್ಲಿನಲ್ಲಿ ಪಾದ್ರಿಗಳಿಗೆ ಅಡುಗೆ ಮಾಡುತ್ತಿದ್ದವನು. ಒಗ್ಗರಣೆಯ ಸದ್ದಿನ ನಡುವೆ ಕಿವಿಗೆ ಬಿದ್ದ ಭಾಷೆ ಎಷ್ಟು ಶುದ್ಧವಿದ್ದೀತೋ ಅಷ್ಟು ಶುದ್ಧ.

ಪೂಜೆ ಆಗ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಪಾದ್ರಿ ನಮಗೆ ಬೆನ್ನು ಮಾಡಿ ಪೀಠದ ಕಡೆ ಏನೋ ಹೇಳುವುದು, ಅದಕ್ಕೆ ಹಿಂದಿನಿಂದ ಜವಾಬು ಕೊಡುವುದು. ನಮ್ಮ ಕಡೆ ಅದಕ್ಕೆ ಜವಾಬು ಎಂದೇ ಹೆಸರು. ಕಚೇರಿಯ ಸವಾಲು-ಜವಾಬಿನ ಹಾಗೆ ಕೇಳಿಸುತ್ತಿತ್ತು. ವ್ಯತ್ಯಾಸವೆಂದರೆ ಕಚೇರಿಯಲ್ಲಿ ಒಂದಷ್ಟು ಉರ್ದುವಾದರೂ ತಿಳಿಯುತ್ತಿತ್ತು. ಗಂಡುಹುಡುಗರಿಗೆ ಮಾತ್ರ ಜವಾಬು ಕಲಿಸುತ್ತಿದ್ದರು. ಹೆಣ್ಣುಮಕ್ಕಳು ಎಡಗಡೆ ಮುಸುಕು ಹಾಕಿ ಸುಮ್ಮನೆ ಕೂರಬೇಕು.

ಒಮ್ಮೆ ಯಾರೋ ಹುಡುಗ ಕೇಳಿಬಿಟ್ಟ: "ಮಾಸ್ತರ, ದೇವ್ರಿಗೆ ಕನ್ನಡ ಬರಂಗಿಲ್ಲೇನ್ರಿ?"

"ಬರ್ತೈತಿ," ಎಂದ ಇನ್ನಾಸಪ್ಪ. "ನಿಮ್ಮಂಥಾರ ಕೂಡ ಮಾತಾಡಾಕ ಮನಸಿಲ್ಲ."

ಈ ಉತ್ತರವನ್ನು ನಾನು ಬಹಳ ದಿನ ಅವನ ಸೊಕ್ಕು ಎಂದುಕೊಂಡಿದ್ದೆ. ಈಗ ಯೋಚಿಸಿದರೆ ಅದರಲ್ಲಿ ನಮ್ಮ ಸೀಮೆಯ ಇತಿಹಾಸವೇ ಇದೆ. ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಅಶೋಕ ಚಕ್ರವರ್ತಿ ಧರ್ಮದ ಮಾತು ಕೆತ್ತಿಸಿದ್ದಾನಲ್ಲ, ಅದನ್ನು ಅವನು ನಮ್ಮ ಭಾಷೆಯಲ್ಲಿ ಕೆತ್ತಿಸಲಿಲ್ಲ. ನಮ್ಮ ಮುತ್ಯಾನ ಮುತ್ಯಾಂದಿರು ಎರಡು ಸಾವಿರ ವರ್ಷ ಅದರ ಪಕ್ಕದಲ್ಲಿ ಕುರಿ ಮೇಯಿಸಿದರು, ಒಬ್ಬನೂ ಓದಲಿಲ್ಲ. ಮಸೀದಿಯಲ್ಲಿ ಅರಬ್ಬಿ, ಹನುಮಪ್ಪನ ಗುಡಿಯಲ್ಲಿ ಸಂಸ್ಕೃತ, ಕಚೇರಿಯಲ್ಲಿ ಉರ್ದು, ನಮ್ಮಲ್ಲಿ ಲ್ಯಾಟಿನ್. ಲಿಂಗವಂತರ ಮನೆಗಳನ್ನು ಬಿಟ್ಟರೆ ನಮ್ಮ ಊರಿಗೆ ಬಂದ ದೊಡ್ಡ ಮಾತುಗಳೆಲ್ಲ ನಮಗೆ ತಿಳಿಯದ ಹಾಗೆಯೇ ಬಂದವು. ನಾನೇನು ಕಡಿಮೆಯೇ? ವಿಶ್ವವಿದ್ಯಾಲಯದಲ್ಲಿ ಗ್ರೀಕರ ತರ್ಕಶಾಸ್ತ್ರವನ್ನು ಉರ್ದುವಿನಲ್ಲಿ ಓದಿ ಪಾಸಾಗಿ ಬಂದವನು.

ಇನ್ನಾಸಪ್ಪನ ಜ್ಞಾನೋಪದೇಶದ ತರಗತಿಯಲ್ಲಿ ಅರ್ಥಕ್ಕೆ ಜಾಗವಿರಲಿಲ್ಲ. ಅಂಗಾಂಗಗಳಿಗೆ ಮಾತ್ರ ಕೆಲಸ. ಎಲ್ಲಿ ಮಂಡಿಯೂರಬೇಕು, ಎಲ್ಲಿ ಏಳಬೇಕು, ಗಂಟೆ ಬಾರಿಸಿದಾಗ ಎಷ್ಟು ತಲೆ ಬಗ್ಗಿಸಬೇಕು. ಸತ್ಪ್ರಸಾದ ನುಂಗುವುದಕ್ಕೂ ತಾಲೀಮು ಇತ್ತು. ಪಾದ್ರಿ ನಾಲಿಗೆಯ ಮೇಲಿಡುವ ತೆಳ್ಳನೆಯ ಬಿಲ್ಲೆಯನ್ನು ಹಲ್ಲಿಗೆ ತಾಗಿಸಬಾರದು, ತಾಗಿಸಿದರೆ ರಕ್ತ ಬರುತ್ತದೆ ಎಂದು ಹೆದರಿಸಿದ್ದ. ತಾಲೀಮಿಗೆ ಬಿಲ್ಲೆ ಎಲ್ಲಿಂದ ತರಬೇಕು? ಮನೆಯಿಂದ ಖಡಕ್ ರೊಟ್ಟಿ ತರಿಸುತ್ತಿದ್ದ. ಜೋಳದ ಖಡಕ್ ರೊಟ್ಟಿಯನ್ನು ಅಗಿಯದೆ ನುಂಗಿ ನೋಡಿ, ಆಮೇಲೆ ಭಕ್ತಿಯ ಬಗ್ಗೆ ಮಾತಾಡೋಣ. ಅಂಗುಳಕ್ಕೆ ಚುಚ್ಚಿ ನಿಜವಾಗಿಯೂ ರಕ್ತ ಬರುತ್ತಿತ್ತು. "ನೋಡ್ರಿಲೇ, ನಾ ಹೇಳಿದ್ದಿಲ್ಲ?" ಎಂದು ಇನ್ನಾಸಪ್ಪ ಗೆದ್ದವನ ಹಾಗೆ ನಗುತ್ತಿದ್ದ.

ಈ ತರಗತಿಗೆ ಒಂದು ದಿನ ಬೀರಪ್ಪ ಬಂದು ಕೂತ.

ಬೀರಪ್ಪ ಇಪ್ಪತ್ತೈದರ ಆಳು. ಹೆಗಲ ಮೇಲೆ ಕರಿ ಕಂಬಳಿ, ತಲೆಗೆ ಕೆಂಪು ರುಮಾಲು, ಮೈಯಿಂದ ಕುರಿಹಟ್ಟಿಯ ವಾಸನೆ. ಬಾಗಿಲಲ್ಲಿ ಬಗ್ಗಿ ಒಳಗೆ ಬಂದು, ಕೈಕೋಲನ್ನು ಗೋಡೆಗೆ ಆನಿಸಿ, ನಮ್ಮ ಸಾಲಿನ ಕೊನೆಗೆ ನನ್ನ ಪಕ್ಕದಲ್ಲಿ ಕೂತ. ಅವನು ಕೂತದ್ದರಿಂದ ಕಿಟಕಿಯಾಚೆಯ ಎಮ್ಮೆ ಕಾಣದಾಯಿತು.

"ಇದೇನ್ಲೇ, ಕ್ವಾಣ ಸಾಲಿಗೆ ಬಂದೈತಿ," ಎಂದ ಒಬ್ಬ ಹುಡುಗ.

"ಹೂಂ ತಮ್ಮಾ," ಎಂದ ಬೀರಪ್ಪ ತಣ್ಣಗೆ. "ಮದಿವಿ ಆಗೂತನಕ ಕ್ವಾಣಾನ. ಆಮ್ಯಾಗ ಎತ್ತಾಗತೈತಿ."

ಅವನು ಬಂದದ್ದು ಅದಕ್ಕೇ. ಹುಡುಗಿ ನನ್ನ ಅಪ್ಪನ ಕೊನೆಯ ತಂಗಿ, ತೆರೇಜವ್ವ, ನನಗೆ ಅತ್ತಿ. ನಮ್ಮದೂ ಬೀರಪ್ಪನದೂ ಮೂಲದಲ್ಲಿ ಒಂದೇ ಕುರುಬರ ಮನೆತನ. ಹಿಂದೆಂದೋ ಅರ್ಧ ಮಂದಿ ಜ್ಞಾನಸ್ನಾನ ಮಾಡಿಸಿಕೊಂಡು ಕ್ರಿಸ್ತರಾದರು, ಅರ್ಧ ಮಂದಿ ಬೀರದೇವರ ಹತ್ತಿರವೇ ಉಳಿದರು. ದೇವರು ಬೇರೆಯಾದ, ಕುರಿ ಬೇರೆಯಾಗಲಿಲ್ಲ. ಗುರುಗುಂಟದ ಕಡೆ ಮೇವಿಗೆ ಹೋಗುವಾಗ ಎರಡೂ ಕಡೆಯ ಹಿಂಡು ಕೂಡಿಯೇ ಹೋಗುತ್ತಿದ್ದವು. ಅತ್ತಿಯೂ ಬೀರಪ್ಪನೂ ಯಾವ ಹಿಂಡಿನ ಹಿಂದೆ, ಯಾವಾಗ ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ವಿಷಯ ಅತ್ತಿಯ ಅಪ್ಪನಾದ ನಮ್ಮ ಮುತ್ಯಾನ ಕಿವಿಗೆ ಬಿದ್ದಾಗ ಅವನು ಕಿರುಚಾಡಲಿಲ್ಲ. ಮುತ್ಯಾ ಕಿರುಚುವ ಮನುಷ್ಯನಲ್ಲ, ಷರತ್ತು ಹಾಕುವ ಮನುಷ್ಯ.

"ಜ್ಞಾನಸ್ನಾನ ಮಾಡಿಸ್ಕೊಳ್ಳಿ. ಜಪ ಎಲ್ಲಾ ಬರ್ಬೇಕು. ಪೂಜ್ಯಾಗ ಎದ್ದ ನಿಂತು ಜವಾಬ ಕೊಟ್ರ ನನ್ನ ಮಗಳ ಕೈ ಹಿಡೀಲಿ. ವಿಭೂತಿ ಬುಧವಾರದೊಳಗ ಆಗ್ಬೇಕು. ಆಗ್ಲಿಲ್ಲಂದ್ರ ಸಿಂಧನೂರಿನ ಕಂಪೌಂಡರಿಗೆ ಮಾತ ಕೊಡಾಂವ ನಾ."

ವಿಭೂತಿ ಬುಧವಾರ ಎಂದರೆ ತಪಸ್ಸು ಕಾಲದ ಮೊದಲ ದಿನ. ಅಂದಿನಿಂದ ಈಸ್ಟರಿನವರೆಗೆ ನಮ್ಮಲ್ಲಿ ಮದುವೆಯಿಲ್ಲ. ಸಿಂಧನೂರಿನ ದವಾಖಾನೆಯ ಕಂಪೌಂಡರು ಹೆಂಡತಿ ಸತ್ತ, ಹೊಟ್ಟೆ ಬಂದ, ಸೈಕಲ್ಲಿದ್ದ ಮನುಷ್ಯ. ಆಗಲೇ ಎರಡು ಸಲ ಬಂದು ನಮ್ಮ ಕೋಳಿ ತಿಂದು ಹೋಗಿದ್ದ. ಅವನು ಇನ್ನಾಸಪ್ಪ ಮಾಸ್ತರನ ಅಕ್ಕನ ಮಗ. ಇದನ್ನು ನೀವು ನೆನಪಿಟ್ಟುಕೊಂಡರೆ, ಹೆಂಗಸರಿಗೂ ಮುದುಕರಿಗೂ ಬೇಡವಾದ ಲ್ಯಾಟಿನ್ ಜವಾಬು ಒಬ್ಬ ಕುರುಬನ ಮದುವೆಗೆ ಯಾಕೆ ಬೇಕಾಯಿತು ಎಂಬುದು ತಿಳಿಯುತ್ತದೆ. ಆ ಷರತ್ತು ಮುತ್ಯಾನ ಬಾಯಿಂದ ಬಂದರೂ ಅದಕ್ಕೆ ಹುಣಸೆ ಬರಲಿನ ವಾಸನೆಯಿತ್ತು.

ಬೀರಪ್ಪನಿಗೆ ಕನ್ನಡದ ಜಪಗಳು ಹೇಗೋ ಬಂದವು. ಅವನಿಗೆ ಕುರಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆದು ರೂಢಿ. ಸಂತರ ಹೆಸರೂ ಹಾಗೇ ಬಂದವು. ಲ್ಯಾಟಿನ್ ಬರಲಿಲ್ಲ. ಎದೆ ಬಡಿದುಕೊಳ್ಳುವ ಸಾಲಿನಲ್ಲಿ, "ಮೇಯಾ ಕುಲ್ಪಾ, ಮೇಯಾ ಕುಲ್ಪಾ, ಮೇಯಾ ಮಾಕ್ಸಿಮಾ ಕುಲ್ಪಾ" ಎನ್ನಬೇಕು. ನನ್ನ ತಪ್ಪು, ನನ್ನ ತಪ್ಪು, ನನ್ನ ಮಹಾ ತಪ್ಪು ಎಂದು ಅರ್ಥ. ಅರ್ಥವನ್ನು ಇನ್ನಾಸಪ್ಪ ಹೇಳಲಿಲ್ಲ. ಅವನಿಗೆ ಗೊತ್ತಿತ್ತೆಂದು ನಂಬಲು ನನಗೆ ಕಾರಣವಿಲ್ಲ. ಬೀರಪ್ಪ ಮುಷ್ಟಿಯಿಂದ ಎದೆಗೆ ಡೊಳ್ಳು ಬಾರಿಸಿದ ಹಾಗೆ ಗುದ್ದಿಕೊಳ್ಳುತ್ತಿದ್ದ, ಬಾಯಿ ಮಾತ್ರ ತೆರೆದೇ ಇರುತ್ತಿತ್ತು.

"ಅನ್ನಲೇ, ಅನ್ನು!"

"ಎದಿ ಬಡ್ಕೊಂಡ್ರ ಮಾತ ಹೊರಗ ಬರ್ತೈತಂತ ಮಾಡಿದ್ದೆರೀ. ಬರವಲ್ದು."

ಇಪ್ಪತ್ತೈದರ ಕುರುಬನನ್ನು ಬರಲಿನಿಂದ ಹೊಡೆಯುವ ಧೈರ್ಯ ಇನ್ನಾಸಪ್ಪನಿಗಿರಲಿಲ್ಲ. ಆದ್ದರಿಂದ ಬೀರಪ್ಪ ತಪ್ಪಿದಾಗಲೆಲ್ಲ ಅವನ ಪಕ್ಕದಲ್ಲಿ ಕೂತವನಿಗೆ ಬೀಳುತ್ತಿತ್ತು. ಪಕ್ಕದಲ್ಲಿ ಕೂತವನು ನಾನು. ಇನ್ನೊಬ್ಬನ ಪಾಪಕ್ಕೆ ನಿರಪರಾಧಿಯೊಬ್ಬ ಪೆಟ್ಟು ತಿನ್ನುವ ತತ್ವವನ್ನು ಕ್ರೈಸ್ತ ಧರ್ಮದ ತಿರುಳು ಎನ್ನುತ್ತಾರೆ. ನಾನು ಅದನ್ನು ಪುಸ್ತಕ ನೋಡದೆ ಕಲಿತೆ.

ವಾರಗಳು ಕಳೆದವು. ಇನ್ನಾಸಪ್ಪ ಖುಷಿಯಾಗುತ್ತ ಹೋದ. ಕಂಪೌಂಡರು ಮೂರನೆಯ ಸಲ ಬಂದು, ಈ ಸಲ ಒಂದು ಹುಂಜ ತಿಂದ. ಅತ್ತಿ ಅವನಿಗೆ ಬಡಿಸುವಾಗ ತಾಟನ್ನು ಕುಕ್ಕಿದ ಸದ್ದು ನನಗೆ ಇನ್ನೂ ಕೇಳಿಸುತ್ತದೆ. ಅಥವಾ ಕೇಳಿಸುತ್ತದೆ ಎಂದುಕೊಂಡಿದ್ದೇನೆ.

"ಉಣ್ರಿ ಮಾವಾರ," ಎಂದಳಂತೆ ಅತ್ತಿ. "ಊರಾನ ಕ್ವಾಳಿ ತೀರಿದ ಮ್ಯಾಲ ಕಾಗಿ ಅದಾವ."

ಆಮೇಲೆ ಒಂದು ಬೆಳಿಗ್ಗೆ ಬೀರಪ್ಪನ ಬಾಯಿ ಬಿಟ್ಟಿತು. ಇನ್ನಾಸಪ್ಪ ಎಂದಿನಂತೆ ಬರಲು ಎತ್ತಿ, ನಾನು ಎಂದಿನಂತೆ ಬೆನ್ನು ಬಗ್ಗಿಸಿ ಕಾಯುತ್ತಿರುವಾಗ, ಬೀರಪ್ಪ ಎದೆಗೆ ಗುದ್ದಿಕೊಳ್ಳುತ್ತ ಒಂದೇ ಉಸಿರಿಗೆ ಸಾಲು ಮುಗಿಸಿಬಿಟ್ಟ. ಬರಲು ಗಾಳಿಯಲ್ಲೇ ನಿಂತಿತು. ಇನ್ನಾಸಪ್ಪ ಇನ್ನೊಂದು ಜವಾಬು ಕೇಳಿದ, ಅದೂ ಬಂತು, ಮತ್ತೊಂದು, ಅದೂ. ಹುಡುಗರ ಗದ್ದಲದಲ್ಲಿ ಇನ್ನಾಸಪ್ಪನಿಗೂ ಉಳಿದವರಿಗೂ ಬೀರಪ್ಪನ ದೊಡ್ಡ ದನಿ ಮಾತ್ರ ಕೇಳಿಸಿತು. ನಾನು ಪಕ್ಕದಲ್ಲೇ ಕೂತಿದ್ದೆ. ನನಗೆ ಮಾತುಗಳು ಕೇಳಿಸಿದವು.

ಅವನು ಹೇಳಿದ್ದು ಹೀಗೆ: "ಮೇಯಾಕ್ ಒಲಪಾ, ಮೇಯಾಕ್ ಒಲಪಾ, ಮೇಯಾಕ್ ಮಸ್ಕಿಮ್ಯಾಕ್ ಒಲಪಾ."

ನಮ್ಮ ಕಡೆಯ ಮಾತು ಗೊತ್ತಿಲ್ಲದವರಿಗೆ ಹೇಳಬೇಕು. ನಾವು ಹೊಲಕ್ಕೆ ಒಲ ಎನ್ನುವವರು. ಮೇಯಲು ಹೊಲಪ್ಪಾ, ಮೇಯಲು ಹೊಲಪ್ಪಾ, ಮೇಯಲು ಮಸ್ಕಿಯ ಮೇಲ್ಗಡೆ ಹೊಲಪ್ಪಾ! ಪಾಪದ ಸುದ್ದಿಯೇ ಇಲ್ಲ. ಎದೆ ಬಡಿದುಕೊಂಡು ಮೇವು ಕೇಳುತ್ತಿದ್ದ. ಪ್ರಭುವೇ ದಯೆ ತೋರು ಎಂದು ಅರ್ಥವಿರುವ "ಕೀರಿಯೆ ಎಲೇಯಿಸೋನ್" ಅವನ ಬಾಯಲ್ಲಿ "ಕುರಿಯೇ ಎಲ್ಲೈತೋ" ಆಗಿತ್ತು. ಅದರ ಬೆನ್ನಿಗೇ ಬರುವ "ಕ್ರಿಸ್ತೆ ಎಲೇಯಿಸೋನ್" ಎಂಬುದು "ಕರಿದೇ ಎಲ್ಲೈತೋ". ಕುರಿ ಕಳೆದಿದೆ, ಅದರಲ್ಲೂ ಕರಿಯದು ಕಳೆದಿದೆ. ನಿನ್ನ ಆತ್ಮದೊಂದಿಗೂ ಪ್ರಭು ಇರಲಿ ಎಂಬ "ಎತ್ ಕುಂ ಸ್ಪೀರಿತು ತೂವೋ" ಎನ್ನುವುದು "ಎತ್ತ ಕುಂತ ತಿರಗೀತು ತುವ್ವೋ". ಎತ್ತು ಕೂತು, ತಿರುಗಿ ನೋಡಿತು, ಥೂ!

ಮಧ್ಯಾಹ್ನ ಬಾವಿಯ ಹತ್ತಿರ ನಾನು ಅವನನ್ನು ಹಿಡಿದೆ. "ಮಾವಾ, ನೀ ಕುರಿ ಅಂದಿ."

"ಅಂದೆ."

"ಅದು ಕುರಿ ಅಲ್ಲ."

"ಮತ್ಯಾಕ ಅಂವ ಮರಿ ಹೊತ್ತಾನ?" ಎಂದು ಬೀರಪ್ಪ ಶಾಲೆಯ ಗೋಡೆಯ ಕಡೆ ಗಲ್ಲ ಎತ್ತಿ ತೋರಿಸಿದ. "ಕಳದಿದ್ದ ಕುರಿ ಸಿಕ್ಕೈತಿ, ಹೊತ್ಕೊಂಡ ಬಂದಾನ. ಎಲ್ಲೈತೋ ಎಲ್ಲೈತೋ ಅಂತ ಹುಡುಕಿದ ಮ್ಯಾಲ ಸಿಕ್ಕಿರ್ಬೇಕಲ್ಲ? ನೀ ಸುಮ್ನಿರೋ ತಮ್ಮಾ. ಇಷ್ಟು ದಿನದಾಗ ಇದೊಂದ ನನಗ ತಿಳದದ್ದು."

ಪಾದ್ರಿ ತಪಸ್ಸು ಕಾಲಕ್ಕೆ ಮೊದಲು ಬರುವ ಕೊನೆಯ ಭಾನುವಾರ ಇಮ್ತಿಹಾನು, ಎಂದರೆ ಬೀರಪ್ಪನ ಪರೀಕ್ಷೆ, ಗೊತ್ತಾಯಿತು. ಅವರು ಉದ್ದ ಗಡ್ಡದ ಪರದೇಶಿ. ಯಾವ ದೇಶದವರೆಂದು ಯಾರೂ ಕೇಳಿರಲಿಲ್ಲ. ಮುದಗಲ್ಲಿನವರು ಎಂದರೆ ನಮಗೆ ಸಾಕಿತ್ತು. ಕನ್ನಡ ಕಲಿತಿದ್ದರು, ಪುಸ್ತಕದಿಂದ. ಅವರ ಕನ್ನಡ ನಮ್ಮ ಊರಿನ ಯಾರಿಗೂ ತಿಳಿಯುತ್ತಿರಲಿಲ್ಲ, ನಮ್ಮದು ಅವರಿಗೆ ತಿಳಿಯುತ್ತಿರಲಿಲ್ಲ. ಇದರಿಂದ ಊರಿನಲ್ಲಿ ಬಹಳ ಶಾಂತಿಯಿತ್ತು.

ಪಾದ್ರಿ ಮೇಜಿನ ಹಿಂದೆ ಕೂತರು. ಬೀರಪ್ಪ ರುಮಾಲು ಬಿಚ್ಚಿ ಎದುರು ನಿಂತ. ಮುತ್ಯಾ ಬಲಗಡೆ ಗೋಡೆಗೆ ಒರಗಿ ಕೂತಿದ್ದ, ಪಕ್ಕದಲ್ಲಿ ಟೋಪಿ ಹಾಕಿಕೊಂಡು ಕಂಪೌಂಡರು. ಎಡಗಡೆ ಹೆಂಗಸರ ನಡುವೆ ಅತ್ತಿ ಮುಸುಕಿನೊಳಗೆ ಇದ್ದಳು.

"ಸರ್ವೇಶ್ವರನು ಎಷ್ಟು ಮಂದಿಯಾಗಿರುತ್ತಾನೆ?" ಎಂದು ಕೇಳಿದರು ಪಾದ್ರಿ.

ಬೀರಪ್ಪ ಇನ್ನಾಸಪ್ಪನ ಕಡೆ ತಿರುಗಿದ. "ಏನಂತಾರ್ರೀ?"

"ದೇವರು ಎಷ್ಟ ಮಂದಿ ಅದಾರಂತ ಕೇಳಾಕತ್ತಾರ."

"ನಮ್ಮ ಕಡಿದೂ ಹಿಡದ ಹೇಳ್ಲೇನ್ರಿ?"

ಹೆಂಗಸರ ಕಡೆಯಿಂದ ಯಾರೋ ಕೆಮ್ಮಿದರು. "ಒಬ್ಬಾಂವ ರೀ," ಎಂದ ಬೀರಪ್ಪ ಅವಸರವಾಗಿ, "ಮೂರು ಮಂದಿ." ಇದು ಶಾಸ್ತ್ರಕ್ಕೆ ಸರಿಯಾದ ಉತ್ತರವೇ ಆಗಿದ್ದರಿಂದ ಪಾದ್ರಿ ಗಡ್ಡ ನೀವಿಕೊಂಡು ಮುಂದಕ್ಕೆ ಹೋದರು. ಜಪಗಳಾದವು. ಕೊನೆಗೆ ಲ್ಯಾಟಿನ್.

ಪಾದ್ರಿ ಕಣ್ಣು ಮುಚ್ಚಿ, ಪೀಠದ ಮುಂದೆ ನಿಂತ ಹಾಗೆ, ತಮ್ಮ ಸಾಲು ಹೇಳಿದರು. ಬೀರಪ್ಪ ಎದೆಗೆ ಗುದ್ದಿಕೊಂಡು ಹೊಲ ಕೇಳಿದ. ಪಾದ್ರಿ ಕಣ್ಣು ತೆರೆಯಲಿಲ್ಲ. "ಕೀರಿಯೆ" ಎಂದರು, ಬೀರಪ್ಪ "ಕುರಿಯೇ ಎಲ್ಲೈತೋ" ಎಂದ. ಇಷ್ಟು ದಿನ ಹುಡುಗರ ಗದ್ದಲಕ್ಕೆ ಮರೆಯಾಗಿದ್ದದ್ದು ಆ ನಿಶ್ಶಬ್ದದಲ್ಲಿ ಇನ್ನಾಸಪ್ಪನ ಕಿವಿಗೆ ಬಿತ್ತು. ಅವನ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಅರಳಿತು.

"ಸ್ವಾಮೀ, ಮೋಸ! ಅಂವ ಲ್ಯಾಟಿನ್ ಅನ್ನಾಕತ್ತಿಲ್ಲ. ಕುರಿ ಅನ್ನಾಕತ್ತಾನ!"

"ಕುರಿ?" ಎಂದರು ಪಾದ್ರಿ ಕಣ್ಣು ತೆರೆದು. "ಕುರಿ ಎಂಬುದು ಏನು?" ಅವರ ಪುಸ್ತಕದಲ್ಲಿ ಅದು ಮೇಷ ಎಂದಿದ್ದಿರಬೇಕು.

"ಕುರಿ ರೀ! ಕುರಿ!" ಇನ್ನಾಸಪ್ಪ ಪಟದ ಕಡೆ ಕೈ ಮಾಡಿದ. ಪಾದ್ರಿ ಪಟವನ್ನು ನೋಡಿದರು, ಯೇಸುವಿಗೆ ತಲೆ ಬಾಗಿಸಿದರು, ಮತ್ತೆ ಇನ್ನಾಸಪ್ಪನನ್ನು ನೋಡಿದರು. ಆಗ ಇನ್ನಾಸಪ್ಪ ತಾಳ್ಮೆ ಕಳೆದುಕೊಂಡು, "ಬ್ಯಾ ಅಂತೈತಲ್ರೀ, ಬ್ಯಾ! ಬ್ಯಾ!" ಎಂದು ಗುಡಿಯ ನಡುವೆ ನಿಂತು ಅರಚಿದ.

ಇಲ್ಲಿ ನನ್ನ ನೆನಪಿನ ಮೇಲೆ ನನಗೇ ಸಂಶಯ. ಮೂವತ್ತು ವರ್ಷ ಈ "ಬ್ಯಾ"ಗೆ ಜನ ನಕ್ಕಿದ್ದಾರೆ; ನಗುವನ್ನು ಹೆಚ್ಚಿಸುವ ಯಾವ ಸಂಗತಿಯೂ ಇಷ್ಟು ಅಚ್ಚುಕಟ್ಟಾಗಿ ನಡೆಯುವುದಿಲ್ಲ. ಹಾಸ್ಟೆಲಿನಲ್ಲಿ ನಾನೇ ಹುಟ್ಟಿಸಿದ್ದಿರಬಹುದು. ಪಾದ್ರಿ ಸಿಟ್ಟಾಗಿ, "ಉಪದೇಶಿಯೇ, ದೇವಾಲಯದಲ್ಲಿ ಪಶುವಿನ ಧ್ವನಿಯನ್ನು ಮಾಡಬಾರದು, ಹೊರಗೆ ಹೋಗತಕ್ಕದ್ದು," ಎಂದದ್ದೂ ಅನುಮಾನವೇ. ಆದರೆ ಇನ್ನಾಸಪ್ಪ ಅಂದು ಹೊರಗಿದ್ದದ್ದು ನಿಜವಿರಬೇಕು, ಏಕೆಂದರೆ ಉಳಿದ ಜವಾಬುಗಳಿಗೆ ತಡೆ ಬರಲಿಲ್ಲ. ಎತ್ತು ಕೂತಿತು, ತಿರುಗಿತು. ಪಾದ್ರಿ ಮೂಗು ಒರೆಸಿಕೊಂಡು, "ಉತ್ತಮವು. ನಾಳೆ ಜ್ಞಾನಸ್ನಾನವು, ನಾಡಿದ್ದು ಮದುವೆಯು," ಎಂದರು.

ನಾಡಿದ್ದು ಮಂಗಳವಾರ. ಮಾರನೆಯ ದಿನ ವಿಭೂತಿ ಬುಧವಾರ. ಕಂಪೌಂಡರು ಸೈಕಲ್ ಹತ್ತಿ ಸಿಂಧನೂರಿಗೆ ಹೋದ. ಅವನ ಹಿಂದೆ ನಮ್ಮ ಹಿತ್ತಲಿನಲ್ಲಿ ಉಳಿದಿದ್ದ ಒಂದೇ ಹೇಂಟೆ ಬಹಳ ಹೊತ್ತು ಕೂಗಿತು.

ಮುಂದೆ ನಮ್ಮ ಬಂಧುಬಳಗದಲ್ಲಿ ಈ ಕಥೆ ಬೆಳೆಯಿತು, ಆದರೆ ನಾನು ಬೆಳೆಸಿದ ದಿಕ್ಕಿಗಲ್ಲ. ಅವರ ಪ್ರಕಾರ ಪಾದ್ರಿಗೆ ಎಲ್ಲ ತಿಳಿದಿತ್ತು, ಅವರು ದೊಡ್ಡವರು, ಎರಡು ಜೀವಗಳನ್ನು ಕಂಡು ಕನಿಕರಪಟ್ಟು, ಕೇಳಿಯೂ ಕೇಳದ ಹಾಗೆ ಇದ್ದರು. ಹಬ್ಬದ ದಿನ ಊಟವಾದ ಮೇಲೆ ಇದನ್ನು ಹೇಳಿ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಸಂತನೊಬ್ಬ ಸಿಕ್ಕಿದರೆ ನಮ್ಮವರಿಗೆ ಬೇರೆ ಪುರಾವೆ ಬೇಡ. ಇನ್ನಾಸಪ್ಪನೂ ಕೊನೆಕೊನೆಗೆ ಇದನ್ನೇ ಹೇಳತೊಡಗಿದ್ದ, ತಾನೂ ಆ ಕನಿಕರದಲ್ಲಿ ಪಾಲುಗಾರನೆಂಬಂತೆ. ಅವನನ್ನು ನಾನು ಇನ್ನೂ ಕ್ಷಮಿಸಿಲ್ಲ. ಕ್ಷಮಿಸುವ ಉದ್ದೇಶವೂ ಇಲ್ಲ.

ಎರಡನೆಯ ವರ್ಷದ ರಜೆಗೆ ನಾನು ಹೈದರಾಬಾದಿನಿಂದ ಬಂದಿದ್ದಾಗ ಅತ್ತಿಯ ಮನೆಗೆ ಹೋದೆ. ಆಗ ನನಗೆ ತರ್ಕಶಾಸ್ತ್ರ ಹೊಸದು. ಎದುರಿಗೆ ಸಿಕ್ಕಿದ್ದನ್ನೆಲ್ಲ ಒಡೆದು ನೋಡುವ ವಯಸ್ಸು. ಅತ್ತಿ ಕುರಿಹಟ್ಟಿಯ ಬಾಗಿಲಲ್ಲಿ ಕೂತು ಮರಿಯೊಂದಕ್ಕೆ ಹಾಲು ಕುಡಿಸುತ್ತಿದ್ದಳು. ನಾನು ಪಾದ್ರಿಯ ಕನಿಕರದ ಕಥೆ ತೆಗೆದು, ಸಾಕ್ಷಿಗಳಲ್ಲಿರುವ ವಿರೋಧಗಳನ್ನು ಒಂದೊಂದಾಗಿ ವಿವರಿಸಿದೆ.

ಅತ್ತಿ ಮರಿಯ ಬಾಯಿ ಬಿಡಿಸದೆಯೇ ಹೇಳಿದಳು: "ಪಾದ್ರಿ ಕನಿಕರ ಅಂತ! ಯಾವ ಪಾದ್ರಿ? ಆ ಮಾತ ಕಟ್ಟಿಕೊಟ್ಟಾಕಿ ನಾನು."

"ನೀನಾ?" ಎಂದೆ.

"ಹುಟ್ಟಿದಾಗಿಂದ ಎಡಗಡೆ ಕುಂತು ಕೇಳೀನಿ. ಅನ್ನಾಕ ಬಿಡ್ತಿದ್ದಿಲ್ಲ, ಕೇಳಾಕ ಬ್ಯಾಡ ಅನ್ನಾಕ ಬರ್ತೈತೇನು? ನಿಮ್ಮ ಮಾಸ್ತರಗ ತಪ್ಪತಿತ್ತು, ನನಗ ತಪ್ಪತಿದ್ದಿಲ್ಲ. ಇವ್ನಿಗೆ ಬಾವಿ ಕಡಿ ನೂರು ಸಲ ಹೇಳ್ದೆ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕ ಇಲ್ಲ. ಒಂದಿನ ಅತ್ತುಬಿಟ್ಟ. ತೆರೇಜಾ, ನೀ ಕಂಪೌಂಡರನ್ನ ಮಾಡ್ಕೊ, ನನ್ನ ತಲ್ಯಾಗ ಕುರಿ ಬಿಟ್ರ ಏನೂ ನಿಲ್ಲಂಗಿಲ್ಲ ಅಂದ. ಕುರಿ ನಿಲ್ತಾವಲ್ಲ, ಕುರೀನ ಕಟ್ಟಿದ್ರಾತು ಅಂದ್ಕೊಂಡೆ. ಅಲ್ಲೇ ನಿಂತು ಮನಸಿನ್ಯಾಗ ಕಟ್ಟೀನಿ."

"ಮತ್ತ ಬೀರಪ್ಪ ಮಾವಗ ಗೊತ್ತೇನು, ಅದು ನೀ ಕಟ್ಟಿದ್ದಂತ?"

"ಅವ್ನಿಗೆ ನಾ ಅಂದದ್ದು ಇಷ್ಟ: ಇದು ಮಾಸ್ತರ ಹೇಳೂದಕ್ಕಿಂತ ಹಳೇದು, ಖರೇದು." ಅತ್ತಿ ಮರಿಯನ್ನು ಕೆಳಗಿಳಿಸಿದಳು. "ಇನ್ನೂ ಹಂಗ ಅಂತಾನ, ಐತವಾರಕ್ಕೊಮ್ಮೆ. ತಿದ್ದಾಕ ಹೋಗಿಲ್ಲ ನಾ. ಆದ್ರ ಕೇಳು, ಮಂದಿ ಎಲ್ಲಾ ಪಾದ್ರಿ ಪುಣ್ಯಾ ಪಾದ್ರಿ ಪುಣ್ಯಾ ಅಂದ್ರ ನನಗ ಉರೀತೈತಿ. ನನ್ನ ಮದಿವಿ ನಾನ ಮಾಡ್ಕೊಂಡೀನಿ. ಅಂವ ಕನಿಕರ ಮಾಡಿಲ್ಲ; ಅವನ ಕಿವಿಗೆ ಫರಕ ತಿಳದಿಲ್ಲ."

"ಅದು ಹೆಂಗ ಆಗತೈತಿ ಅತ್ತಿ? ಅವ್ರು ಜನ್ಮಪೂರ್ತಿ ಲ್ಯಾಟಿನ್ ಓದಿದವ್ರು. ತಿಳೀದೆ ಇರಾಕ ಸಾಧ್ಯನ ಇಲ್ಲ."

"ನೀ ಬಾಳ ಓದೀದಿ," ಎಂದಳು ಅತ್ತಿ. ನನ್ನ ಸಂಬಂಧಿಕರಲ್ಲಿ ಈ ವಾಕ್ಯವನ್ನು ಅಷ್ಟು ತಿರಸ್ಕಾರದಿಂದ ಯಾರೂ ಹೇಳಿಲ್ಲ. "ಯಾವ್ದಾರ ಗುಡಿಗೆ ಹೋಗಿ ಅಂದು ನೋಡ್ಹೋಗು."

ನಾನು ನಂಬಲಿಲ್ಲ. ಅತ್ತಿಗೆ ಮುಖಸ್ತುತಿ ಬೇಕಿಲ್ಲದಿದ್ದರೂ ಹೆಮ್ಮೆ ಇತ್ತು. ಹೆಮ್ಮೆಯೂ ನೆನಪನ್ನು ತಿದ್ದುತ್ತದೆ. ಪಾದ್ರಿ ಸತ್ತುಹೋಗಿದ್ದರು. ಇನ್ನಾಸಪ್ಪನ ಸಾಕ್ಷಿಗೆ ಮೂರು ಕಾಸಿನ ಬೆಲೆಯಿಲ್ಲ. ಬಾವಿಯ ಹತ್ತಿರ ನಡೆದದ್ದನ್ನು ಅವರಿಬ್ಬರ ಹೊರತು ಯಾರೂ ಕಂಡಿಲ್ಲ. ಹಾಗಾಗಿ ಆ ಮಾತನ್ನು ಯಾರು ಕಟ್ಟಿದರು, ಯಾಕೆ ಕಟ್ಟಿದರು, ಯಾರು ಅತ್ತರು, ಯಾರು ಅರಚಿದರು ಎಂಬುದಕ್ಕೆಲ್ಲ ನಾನು ಹೊಣೆಯಲ್ಲ. ಓದಿದ ಪಾದ್ರಿಯ ಕಿವಿಗೆ ಫರಕು ತಿಳಿಯುತ್ತದೆಯೇ ಎಂಬ ಒಂದನ್ನು ಮಾತ್ರ ಪರೀಕ್ಷೆ ಮಾಡಬಹುದಾಗಿತ್ತು. ಮಾಡಿದೆ.

ರಜೆ ಮುಗಿಸಿ ಹೈದರಾಬಾದಿಗೆ ಹೋದ ಮೇಲೆ, ವರ್ಷಗಳಿಂದ ಕಾಲಿಡದ ಒಂದು ದೊಡ್ಡ ಗುಡಿಗೆ ವಾರದ ನಡುವೆ ಬೆಳಗಿನ ಪೂಜೆಗೆ ಹೋದೆ. ನಾಲ್ಕಾರು ಮುದುಕಿಯರನ್ನು ಬಿಟ್ಟರೆ ಯಾರೂ ಇರಲಿಲ್ಲ. ಜವಾಬು ಕೊಡುವವನು ಬಂದಿರಲಿಲ್ಲ. ಪಾದ್ರಿ ಬೆಂಚುಗಳ ಕಡೆ ನೋಡಿದರು. ನಾನು ಎದ್ದು ಹೋಗಿ ಪೀಠದ ಮೆಟ್ಟಿಲ ಮೇಲೆ ಮಂಡಿಯೂರಿದೆ. ಅವರು ಬಹಳ ಓದಿದವರು, ಗುಡಿಯ ಪಕ್ಕದಲ್ಲಿ ಪಾದ್ರಿಗಳನ್ನು ತಯಾರು ಮಾಡುವ ಗುರುಮಠದಲ್ಲಿ ಲ್ಯಾಟಿನ್ ಕಲಿಸುವವರು ಎಂದು ಮೊದಲೇ ವಿಚಾರಿಸಿಕೊಂಡಿದ್ದೆ. ಅವರು ನನಗೆ ಬೆನ್ನು ಮಾಡಿ ಶುರು ಮಾಡಿದರು. ಉದ್ದದ ಭಾಗವನ್ನು ಗೊಣಗಿ ದಾಟಿಸಿ, ಎದೆಗೆ ಗುದ್ದಿಕೊಂಡು, ಗಂಟಲು ಬಿಚ್ಚಿ ಮೇಯಲು ಮಸ್ಕಿಯ ಮೇಲ್ಗಡೆ ಹೊಲ ಕೇಳಿದೆ. ಅವರ ಹೆಗಲು ಅಲುಗಲಿಲ್ಲ. ಮುಂದೆ ಅವರು ಕೀರಿಯೆ ಎಂದರು, ನಾನು ಕುರಿಯೇ ಎಲ್ಲೈತೋ ಎಂದೆ. ಮತ್ತೆ ಅವರು ಕೀರಿಯೆ ಎಂದರು. ಈ ಸಲ ನಾನು ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ, ಹಟ್ಟಿಯ ಬಾಗಿಲಲ್ಲಿ ನಿಂತು ಕೂಗುವವನ ಹಾಗೆ, ಕರಿದೇ ಎಲ್ಲೈತೋ ಎಂದೆ.

ಪಾದ್ರಿ ಒಂದು ಚೂರೂ ತಡೆಯದೆ ತಮ್ಮ ಸರದಿಯ ಕ್ರಿಸ್ತೆ ಎತ್ತಿಕೊಂಡರು.